ಸಮ್ಮಿಲನ ಸಂಶೋಧನೆ: ದೂರದಿಂದಲೇ ದುಡಿಯಲು ತಯಾರಿ ಬೇಕು

ಮಾನ್ಯ ಸಂಪಾದಕರೇ,

ಫ್ರಾನ್ಸ್‌ನ ಕದರಾಶ್‌ನಲ್ಲಿ ನಿರ್ಮಾಣವಾಗುತ್ತಿರುವ ‘ಐಟರ್’ ಬೈಜಿಕ ಸಮ್ಮಿಲನ (ಹಗುರ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ) ಯಂತ್ರದ ಸುದ್ದಿ ಬಂದಾಗಲೆಲ್ಲ, ಗುಜರಾತಿನ ಹಜೀರಾದಲ್ಲಿ ಬಿಡಿಭಾಗಗಳು ತಯಾರಾದ ಅದರ ಬೃಹತ್ ಕ್ರಯೋಸ್ಟಾಟ್‌ನ (ಯಂತ್ರವನ್ನು ಸುತ್ತುವರಿಯುವ ಉಕ್ಕಿನ ನಿರ್ವಾತ ಪಾತ್ರೆ) ಪ್ರಸ್ತಾಪ ಇದ್ದೇ ಇರುತ್ತದೆ. ಹೆಮ್ಮೆಯ ಸಂಗತಿಯೇ ಸರಿ. ಆದರೆ ನಿರ್ಮಾಣದಲ್ಲಿ ಸುಮಾರು ಶೇ 9ರಷ್ಟು ಪಾಲು ಹೊತ್ತಿರುವ ಭಾರತಕ್ಕೆ ಅಲ್ಲಿನ ಪ್ರಯೋಗಗಳ ಫಲಿತಾಂಶವೆಲ್ಲವೂ ಸಿಗಬೇಕಾದದ್ದು ಎಂಬ ವಿಷಯ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಅದಕ್ಕಾಗಿ ನಮ್ಮ ವಿಜ್ಞಾನಿಗಳನ್ನೆಲ್ಲ ವರ್ಷಗಟ್ಟಲೆ ಫ್ರಾನ್ಸ್‌ನಲ್ಲಿ ಇರಿಸುವುದು ಆಗದ ಮಾತು. ಇಲ್ಲಿದ್ದುಕೊಂಡೇ ಪ್ರಯೋಗದಲ್ಲಿ ಪಾಲ್ಗೊಳ್ಳುವ ಏರ್ಪಾಡು ಬೇಕು.

ಇದು ಬರಿಯ ಕಲ್ಪನೆಯಲ್ಲ. 2015ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದ ತಂಡವೊಂದು ಚೀನಾದ ಹೆಫೆಯಲ್ಲಿರುವ ‘ಈಸ್ಟ್’ ಟೋಕಮ್ಯಾಕ್‌ನ (ಪ್ಲಾಸ್ಮಾ ಎಂಬ ಅತಿ ಬಿಸಿಯಾದ ಅನಿಲವನ್ನು ಕಾಂತಬಲದಿಂದ ಹಿಡಿದಿಡುವ ಉಂಗುರಾಕಾರದ ಯಂತ್ರ) ರಾತ್ರಿ ಪಾಳಿಯ ಪ್ರಯೋಗಗಳನ್ನು ತನ್ನ ಊರಿನಿಂದಲೇ ನಡೆಸಿತು. ಹೆಫೆಯಲ್ಲಿ ನಡುರಾತ್ರಿಯಾದಾಗ ಅವರಿಗೆ ಬೆಳಗಿನ ಕಚೇರಿ ವೇಳೆ. ಸ್ಯಾನ್ ಡಿಯಾಗೊದಲ್ಲೇ ಇರುವ ಟೋಕಮ್ಯಾಕ್ ಯಂತ್ರವನ್ನು ನೋಡಿ: ಒಂದು ‘ಶಾಟ್’ ಎಂದರೆ ಪ್ಲಾಸ್ಮಾ ಕೆಲವು ಸೆಕೆಂಡು ಉರಿದು ಆರುತ್ತದೆ, ಮುಂದಿನ ಶಾಟ್‌ಗೆ ಸಿಗುವ ಬಿಡುವು ಸುಮಾರು ಕಾಲು ಗಂಟೆ. ಅಷ್ಟರೊಳಗೆ ದತ್ತಾಂಶ ತರಿಸಿಕೊಂಡು, ತಾಪ ಮತ್ತು ಸಾಂದ್ರತೆಯ ರೇಖೆಗಳನ್ನು ಓದಿ, ಮುಂದಿನ ಶಾಟ್‌ನಲ್ಲಿ ಯಾವುದನ್ನು ಎಷ್ಟು ಬದಲಿಸಬೇಕೆಂದು ತೀರ್ಮಾನಿಸಬೇಕು. ಆ ಹೊತ್ತಿನಲ್ಲಿ ದೂರದಲ್ಲಿರುವವನ ಸಂಪರ್ಕ ಕಡಿದರೆ ಅವನು ಪ್ರೇಕ್ಷಕನಷ್ಟೇ. ಯಂತ್ರದ ಸುರಕ್ಷತೆಯ ಹೊಣೆಯಂತೂ ಸ್ಥಳದಲ್ಲಿರುವವರದೇ ಆಗಿರಬೇಕು, ಅದರಲ್ಲಿ ಎರಡು ಮಾತಿಲ್ಲ.

ಖುದ್ದಾಗಿ ಹೋಗಲೇಬೇಕಾದ ಕೆಲಸಗಳೂ ಇವೆ. 1969ರಲ್ಲಿ ಸೋವಿಯತ್ ಒಕ್ಕೂಟದ ‘ಟಿ-3’ ಟೋಕಮ್ಯಾಕ್‌ನೊಳಗಿನ ಪ್ಲಾಸ್ಮಾದ ತಾಪವನ್ನು ಪರೀಕ್ಷಿಸಲು ಬ್ರಿಟಿಷ್ ವಿಜ್ಞಾನಿಗಳು ಟನ್‌ಗಟ್ಟಲೆ ಉಪಕರಣ ಹೊತ್ತು ಮಾಸ್ಕೋಗೆ ಹೋದರು, ಅದೂ ಶೀತಲ ಸಮರದ ಕಾಲದಲ್ಲಿ. ಉಪಕರಣ ಜೋಡಿಸುವುದು, ಅಳತೆ ಸರಿಪಡಿಸುವುದು ಪರದೆಯ ಮುಂದೆ ಕುಳಿತು ಆಗುವಂಥದ್ದಲ್ಲ.

ಜಪಾನ್ ತನ್ನ ರೊಕ್ಕಾಶೊದಲ್ಲಿ ಐಟರ್‌ಗಾಗಿಯೇ ದೂರ ಪ್ರಯೋಗ ಕೇಂದ್ರವೊಂದನ್ನು ಕಟ್ಟಿಕೊಂಡಿದೆ. ಗಡಿಯಾರದ ಲೆಕ್ಕದಲ್ಲಿ ನಾವು ಅವರಿಗಿಂತ ಅನುಕೂಲಸ್ಥರು: ಫ್ರಾನ್ಸ್‌ಗೂ ನಮಗೂ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆಯಷ್ಟೇ ಅಂತರ. ಅಲ್ಲಿಯ ಹಗಲು ಪಾಳಿಗೆ ಇಲ್ಲಿ ಯಾರೂ ನಿದ್ದೆಗೆಡಬೇಕಿಲ್ಲ.

ಕೊರತೆ ಇರುವುದು ಪಳಗಿದ ಕೈಗಳದು. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ ‘ಆದಿತ್ಯ-ಯು’ ಟೋಕಮ್ಯಾಕ್ ಇದೆ. ಅದರ ಪ್ರಯೋಗದ ದಿನಗಳಲ್ಲಿ ಕರ್ನಾಟಕದ ವಿಶ್ವವಿದ್ಯಾಲಯಗಳ ಭೌತವಿಜ್ಞಾನ ವಿಭಾಗಗಳನ್ನೂ ರಾಷ್ಟ್ರೀಯ ಜ್ಞಾನ ಜಾಲದ (ವಿದ್ಯಾ ಮತ್ತು ಸಂಶೋಧನಾ ಸಂಸ್ಥೆಗಳನ್ನು ಬೆಸೆಯುವ ವೇಗದ ಗಣಕ ಜಾಲ) ಮೂಲಕ ಸೇರಿಸಿಕೊಂಡು, ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಶಾಟ್‌ಗಳ ನಡುವಿನ ವಿಶ್ಲೇಷಣೆಯಲ್ಲಿ ಒಂದು ಚಿಕ್ಕ ಹೊಣೆಯನ್ನಾದರೂ ವಹಿಸುವಂತೆ ಪರಮಾಣು ಇಂಧನ ಇಲಾಖೆಯನ್ನು ಈ ಪತ್ರದ ಮೂಲಕ ಕೋರುತ್ತೇನೆ. ಐಟರ್‌ನ ಪರಿಷ್ಕೃತ ವೇಳಾಪಟ್ಟಿಯಂತೆ ಅಲ್ಲಿ ಸಂಶೋಧನೆ ಆರಂಭವಾಗುವುದು 2034ರಲ್ಲಿ. ಆ ನಿಯಂತ್ರಣ ಕೊಠಡಿಯೊಂದಿಗೆ ಕೆಲಸ ಮಾಡಬೇಕಾದವರು ಈಗ ಪಿ.ಯು. ತರಗತಿಗಳಲ್ಲಿ ಓದುತ್ತಿದ್ದಾರೆ.

– ಭೌತವಿಜ್ಞಾನದ ನಿವೃತ್ತ ಉಪನ್ಯಾಸಕ, ಧಾರವಾಡ