ಗಾಜಿನ ಮನೆ ಸರಿ, ರಸ್ತೆ ಎಲ್ಲಿ?

ಸಂಪಾದಕರಿಗೆ ನಮಸ್ಕಾರ,

ಭಾನುವಾರದ ಪುರವಣಿಯಲ್ಲಿ ನಾರ್ವೆಯ ಚಳಿಗಾಲದ ಕಾರು ಪ್ರವಾಸದ ಲೇಖನ ಓದಿದೆ. ಗಾಜಿನ ಮನೆ, ಸೌನಾ, ಊಟ ಎಲ್ಲಾ ಇತ್ತು. ರಸ್ತೆ ಮಾತ್ರ ಇರಲಿಲ್ಲ.

ಹೋದ ಜನವರಿಯಲ್ಲಿ ಮಗ-ಸೊಸೆ ಜೊತೆ ನಾವೂ ಹೋಗಿದ್ದೆವು. ದುಡ್ಡು ಅವರದ್ದು, ನಾನು ಸುಮ್ನೆ ಹಿಂದಿನ ಸೀಟು. ಉತ್ತರ ನಾರ್ವೆಯ ಟ್ರೊಮ್ಸೊ ಊರಲ್ಲಿ ಜನವರಿ ಅರ್ಧದವರೆಗೂ ಸೂರ್ಯ ಹುಟ್ಟೋದೇ ಇಲ್ಲ, ಮಧ್ಯಾಹ್ನ ಸ್ವಲ್ಪ ಹೊತ್ತು ನೀಲಿ ಬೆಳಕು, ಅಷ್ಟೇ. ಹಿಮದಲ್ಲಿ ಜಾರದಂತೆ ಟಯರಿಗೆ ಸಣ್ಣ ಸಣ್ಣ ಮೊಳೆ, ಹಿಮ ಇಲ್ಲದ ಕಡೆ ಬಂದರೆ ಕಟಕಟ ಸದ್ದು. ಉತ್ತರದ ತುದಿಯಲ್ಲಿ ಸಮುದ್ರದಂಚಿನ ಬಂಡೆಗುಡ್ಡ ನಾರ್ಡ್‌ಕಾಪ್‌ಗೆ ಹೋಗುವ ಕೊನೆಯ 13 ಕಿ.ಮೀ.ಯಲ್ಲಿ ಚಳಿಗಾಲದಲ್ಲಿ ನಮ್ಮಿಷ್ಟಕ್ಕೆ ಹೋಗುವಂತಿಲ್ಲ. ಗೇಟಿನ ಹತ್ತಿರ ಸಾಲಾಗಿ ನಿಂತು, ಹಿಮ ತಳ್ಳುವ ಗಾಡಿ ಹೊರಟಾಗ ಅದರ ಹಿಂದೆಯೇ ಹೋಗಬೇಕು. ಗಾಳಿ ಜಾಸ್ತಿಯಾದರೆ ಅದೂ ಇಲ್ಲ. ನಮ್ಮ ದಿನ ಹಾಗೇ ಆಯಿತು, ಆದರೆ ಹೋಟೆಲಲ್ಲಿ ಚಹಾ ಕುಡಿಯುವಾಗಲೇ ರಸ್ತೆ ಮುಚ್ಚಿದೆ ಅಂತ ಮೊಬೈಲಿನಲ್ಲಿ ಗೊತ್ತಾಗಿತ್ತು.

ನಮ್ಮ ದೇವಿಮನೆ ಘಟ್ಟದಲ್ಲಿ? ಒಂದು ಮಳೆಗಾಲದಲ್ಲಿ ಕುಮಟಾದಿಂದ ಶಿರಸಿಗೆ ಬರುವಾಗ, ಅರ್ಧ ಘಟ್ಟ ಏರಿದ ಮೇಲೆ, ಎದುರಿಂದ ಬಂದ ಟೆಂಪೋದವನೊಬ್ಬ ಕಿಟಕಿಯಿಂದ ತಲೆ ಹೊರಹಾಕಿ, ‘ಮಣ್ಣು ಕುಸಿದದೆ, ತಿರುಗಿಸಿ ಮಾರಾಯ್ರೆ’ ಅಂದ. ನಮಗೆ ಸಿಕ್ಕಿದ ಸೂಚನೆ ಅದೊಂದೇ.

ಮಳೆ ಶುರುವಾದ ಮೇಲೆ ಘಟ್ಟದ ರಸ್ತೆಗಳ ಸ್ಥಿತಿಯನ್ನು ದಿನಾ ಎರಡು ಸಾಲು ನೀವೇ ಹಾಕಬಹುದು, ಅಲ್ವಾ? ಅಡಿಕೆ ಧಾರಣೆ ಪಕ್ಕ ಸಾಕು.

– ಒಬ್ಬ ಓದುಗ, ಶಿರಸಿ