ಮಗಳಿಗೊಂದು ಪತ್ರ: ಐಹೊಳೆ ಬ್ರಹ್ಮನ್ನ ಇನ್ನೊಂದ್ಸಲ ನೋಡ್ಕೊಂಡು ಬಾ

ಪುಟ್ಟಿ,

ಭಾನುವಾರ ಫೋನಲ್ಲಿ ನೀನು ಹೇಳಿದ ಮಾತು ತಲೇಲಿ ಹಾಗೇ ಕೂತಿದೆ, ಅದಕ್ಕೇ ಅಂಗಡಿ ಬಾಗಿಲು ಹಾಕೋಕೆ ಮುಂಚೆ ಇದನ್ನ ಟೈಪ್ ಮಾಡ್ತಾ ಇದೀನಿ, ಉದ್ದ ಆಗುತ್ತೆ, ಲೋಕಲ್ ಟ್ರೈನಲ್ಲಿ ಸೀಟ್ ಸಿಕ್ಕಾಗ ಓದು. ಆಫೀಸಿನವರ ಜೊತೆ ಮ್ಯೂಸಿಯಂಗೆ ಹೋಗಿದ್ದೆ ಅಪ್ಪಾಜಿ, ಒಂದೂವರೆ ಗಂಟೇಲಿ ಎಲ್ಲಾ ಮುಗಿಸಿಬಿಟ್ವಿ, ನೂರಾ ನಲವತ್ತು ಫೋಟೋ ತೆಗೆದೆ, ಆದ್ರೆ ಏನು ನೋಡಿದೆ ಅಂದ್ರೆ ಒಂದೂ ನೆನಪಿಗೆ ಬರ್ತಿಲ್ಲ ಅಂದೆ. ಪಕ್ಕದಲ್ಲೇ ಜಹಾಂಗೀರ್ ಆರ್ಟ್ ಗ್ಯಾಲರಿ ಇತ್ತು, ಒಳಗೆ ಹೋಗ್ಲಿಲ್ಲ, ಅದೆಲ್ಲ ನಮ್ಮಂಥವರಿಗಲ್ಲ ಬಿಡಿ ಅಂದೆ. ಫೋಟೋ ವಿಷಯ ಇರ್ಲಿ, ಈ ಕೊನೇ ಮಾತು ಇದೆಯಲ್ಲ, ಅದು ನನಗೆ ನೋವಾಯ್ತು ಅವ್ವಾ. ಬೈತಾ ಇಲ್ಲ. ಮೂವತ್ತೊಂದು ವರ್ಷದಿಂದ ಬೇರೆಯವರ ಪಟಕ್ಕೆ ಕಟ್ಟು ಹಾಕಿ ಅದೇ ದುಡ್ಡಲ್ಲಿ ನಿನ್ನ ಓದಿಸಿದವನು ನಾನು, ಪಟ ನೋಡೋದು ನಮಗಲ್ಲ ಅಂದ್ರೆ ಇನ್ಯಾರಿಗೆ?

ನಿನಗೆ ಹೇಳದೇ ಇದ್ದ ಒಂದು ವಿಷಯ ಹೇಳ್ತೀನಿ. ಫೆಬ್ರವರಿಲಿ ನೀನು ರೂಮ್ ಶಿಫ್ಟ್ ಮಾಡುವಾಗ ನಾಲ್ಕು ದಿನ ಬಂದಿದ್ನಲ್ಲ, ಮೂರನೇ ದಿನ ನೀನು ಆಫೀಸಿಗೆ ಹೋಗೋವಾಗ ಮನೇಲೇ ಇರಿ ಅಪ್ಪಾಜಿ, ಲೋಕಲ್ ರಷ್ ನಿಮಗೆ ಆಗಲ್ಲ ಅಂದಿದ್ದೆ. ನಾನು ಹನ್ನೊಂದು ಗಂಟೆಗೆ ರಷ್ ಕಡಿಮೆ ಆದ ಮೇಲೆ ಡೊಂಬಿವಿಲಿಲಿ ಟ್ರೈನ್ ಹತ್ತಿ ಮುಂಬೈ ಸಿಎಸ್‌ಎಂಟಿ ಸ್ಟೇಷನ್ನಲ್ಲಿ ಇಳಿದು ಕೇಳ್ಕೊಂಡು ಕೇಳ್ಕೊಂಡು ನಡ್ಕೊಂಡೇ ಆ ಮ್ಯೂಸಿಯಂಗೆ ಹೋಗಿದ್ದೆ. ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ಅಂತ ಈಗಿನ ಹೆಸರು, ದಾರೀಲಿ ಒಬ್ಬ ವಯಸ್ಸಾದವರನ್ನ ಕೇಳಿದ್ರೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಾ ಅಂತ ತಿರುಗಿ ಕೇಳಿದ್ರು. 1905ರಲ್ಲಿ ಅಡಿಗಲ್ಲು, ಕಟ್ಟಡ ಮುಗಿದಿದ್ದು 1914ರಲ್ಲಿ, ಅಷ್ಟೊತ್ತಿಗೆ ಯುದ್ಧ ಶುರುವಾಗಿ ಅದನ್ನ ಮಿಲಿಟರಿ ಆಸ್ಪತ್ರೆ ಮಾಡಿದ್ರಂತೆ, ಕೊನೆಗೆ ಜನಕ್ಕೆ ಬಾಗಿಲು ತೆರೆದಿದ್ದು 1922ರಲ್ಲಿ. ಆ ಗುಮ್ಮಟ ನೋಡಿ ನನಗೆ ವಿಜಾಪುರದ ಗೋಳಗುಮ್ಮಟ ನೆನಪಾಯ್ತು.

ನಾನು ಹೆಚ್ಚು ಏನೂ ನೋಡ್ಲಿಲ್ಲ. ಕೆಳಗಿನ ಶಿಲ್ಪಗಳ ಗ್ಯಾಲರೀಲೇ ಸಿಕ್ಕಾಕ್ಕೊಂಡೆ. ದೊಡ್ಡ ಕಲ್ಲಿನ ಚಪ್ಪಡಿ, ಅದರಲ್ಲಿ ಬ್ರಹ್ಮ, ಸುತ್ತ ಋಷಿಗಳು. ಯಾವ ಊರಿಂದು ಅಂತ ಬಗ್ಗಿ ಓದಿದ್ರೆ ಐಹೊಳೆ! ಹುಚ್ಚಪ್ಪಯ್ಯನ ಗುಡಿದು, ಏಳನೇ ಶತಮಾನದ್ದು. ಕೈಕಾಲು ಒಂಥರಾ ಆಗೋಯ್ತು ಕಣವ್ವಾ. ನಿಮ್ಮಜ್ಜಿ ತವರು ಅಮೀನಗಡ ಅಂತ ನಿನಗೆ ಗೊತ್ತಲ್ಲ, ಬೇಸಿಗೆ ರಜಕ್ಕೆ ಹೋದಾಗ ಮಾವ ಎತ್ತಿನ ಗಾಡೀಲಿ ಐಹೊಳೆಗೆ ಕರ್ಕೊಂಡು ಹೋಗೋರು, ನಾವು ಹುಡುಗರೆಲ್ಲ ಆ ಗುಡಿಗಳಲ್ಲೇ ಕಣ್ಣಾಮುಚ್ಚಾಲೆ ಆಡಿ ಬೆಳೆದೋರು. ಲಾಡಖಾನ್ ಗುಡಿ, ಹುಚ್ಚಪ್ಪಯ್ಯನ ಗುಡಿ ಅಂದ್ರೆ ದೇವರ ಹೆಸರಲ್ಲ, ಒಂದು ಕಾಲದಲ್ಲಿ ಅಲ್ಲಿ ವಾಸ ಇದ್ದವರ ಹೆಸರು. ಅದೇ ಗುಡಿಯ ಚಾವಣಿ ಕಲ್ಲು ಮುಂಬೈಲಿ ನನ್ನ ಕಣ್ಣೆದುರು ನಿಂತಿತ್ತು, ಬ್ರಹ್ಮ ಅಲ್ದೆ ವಿಷ್ಣುದು, ಶಿವಂದು ಕೂಡ ಇದೆ.

ಇಲ್ಲಿಗೆ ಹೇಗೆ ಬಂತು ಅಂತ ನೀನು ಕೇಳ್ತೀಯ. ಆಗ ಆ ಕಡೆ ವಿಜಾಪುರ ಜಿಲ್ಲೆ, ವಿಜಾಪುರ ಜಿಲ್ಲೆ ಮುಂಬೈ ಸರ್ಕಾರದ ಕೈಲಿತ್ತು, 1956ರಲ್ಲಿ ರಾಜ್ಯ ಒಂದಾದ ಮೇಲೇ ನಮ್ಮ ಕಡೆ ಸೇರಿದ್ದು. ಹಾಗಾಗಿ ಅಲ್ಲಿಯೋರಿಗೆ ಮ್ಯೂಸಿಯಂ ಅಂದ್ರೆ ಮುಂಬೈಯೇ. ವಾಪಸ್ ಕೊಡ್ಬೇಕು ಅಂತ ಒಂದು ಮನಸ್ಸು ಹೇಳುತ್ತೆ, ಊರಿನ ಕಲ್ಲು ಊರಲ್ಲೇ ಇರ್ಬೇಕು ಅಂತ. ಆದ್ರೆ ಅಲ್ಲಿ ಶಾಲೆ ಮಕ್ಕಳು ಸಾಲಾಗಿ ಬಂದು ಅದರ ಮುಂದೆ ನಿಂತು ಟೀಚರ್ ಬಾಯಲ್ಲಿ ಐಹೊಳೆ ಅನ್ನೋ ಹೆಸರು ಕೇಳ್ತಾ ಇದ್ರು, ಅದನ್ನ ನೋಡಿ ನನ್ನ ಕೋಪ ಅರ್ಧ ಇಳೀತು.

ಇನ್ನೊಂದು ನೋಡು, ಅದು ಚಾವಣಿ ಕಲ್ಲು. ಗುಡೀಲಿ ಇದ್ದಿದ್ರೆ ಕತ್ತಲಲ್ಲಿ ಕತ್ತು ಮೇಲೆತ್ತಿ ಒಂದು ನಿಮಿಷ ನೋಡಿ ಕತ್ತು ನೋವು ಅಂತ ಇಳಿಸ್ತಿದ್ವಿ. ಇಲ್ಲಿ ಕಣ್ಣಿನ ಮಟ್ಟಕ್ಕೆ ಬಂದಿದೆ. ಆ ಶಿಲ್ಪಿಗೆ ಯಾರೂ ಇಷ್ಟು ಹತ್ರದಿಂದ ನೋಡಲ್ಲ ಅಂತ ಗೊತ್ತಿತ್ತು, ಆದ್ರೂ ಆ ಋಷಿಗಳ ಗಡ್ಡ, ಜಟೆ ಒಂದೊಂದನ್ನೂ ಬಿಡದೇ ಕಡೆದಿದ್ದಾನೆ. ನಾನು ಅದರ ಮುಂದೆ ಮುಕ್ಕಾಲು ಗಂಟೆ ಇದ್ದೆ. ಮೊದಲ ಹತ್ತು ನಿಮಿಷ ಏನೂ ಕಾಣ್ಲಿಲ್ಲ, ಬ್ರಹ್ಮ, ಋಷಿಗಳು, ಸರಿ, ಆಯ್ತು, ಮುಂದೆ ಹೋಗೋಣ ಅನ್ನಿಸ್ತು. ಹೋಗದೇ ನಿಂತೆ. ಆಮೇಲಾಮೇಲೆ ಕಣ್ಣು ಪಳಗ್ತಾ ಬಂತು, ಮೈಯ ತಿರುವು, ಬೆರಳು, ಎಲ್ಲಿ ಕಲ್ಲು ಸವೆದಿದೆ, ಎಲ್ಲಿ ಉಳಿ ಏಟು ಇನ್ನೂ ಹೊಸದಿದ್ದ ಹಾಗಿದೆ, ಒಂದಾದ ಮೇಲೆ ಒಂದು.

ನೀನು ನೂರಾ ನಲವತ್ತು ಫೋಟೋ ತೆಗೆದೆ ಅಂದಾಗ ನನಗೆ ಅನ್ನಿಸಿದ್ದು ಇದೇ. ಒಂದೂವರೆ ಗಂಟೆ ಅಂದ್ರೆ ತೊಂಬತ್ತು ನಿಮಿಷ, ಒಂದೊಂದಕ್ಕೆ ಒಂದು ನಿಮಿಷನೂ ಸಿಕ್ಕಿಲ್ಲ. ಮುಂದಿನ ಸಲ ಎಲ್ಲಾ ನೋಡೋ ಹಠ ಬೇಡ, ಮೂರು ವಸ್ತು ಸಾಕು, ಎರಡಾದ್ರೂ ಪರ್ವಾಗಿಲ್ಲ.

ಅಂಗಡೀಲಿ ದೀಪ ಹಿಡಿದ ಹೆಂಗಸಿನ ಪಟ ನಿನಗೆ ನೆನಪಿರುತ್ತೆ, ಕೈ ಅಡ್ಡ ಇಟ್ಕೊಂಡು ನಿಂತಿರ್ತಾಳಲ್ಲ, ಮುಖದ ಮೇಲೆ ಬೆಳಕು. ಮದುವೆ ಗಿಫ್ಟಿಗೆ, ಗೃಹಪ್ರವೇಶಕ್ಕೆ ನಾನು ಎಷ್ಟು ಫ್ರೇಮ್ ಹಾಕಿದೀನೋ ಲೆಕ್ಕ ಇಲ್ಲ. ರವಿವರ್ಮಂದು ಅಂತಾನೇ ಗಿರಾಕಿಗಳಿಗೆ ಹೇಳ್ತಿದ್ದೆ, ಎಲ್ಲರೂ ಹಾಗೇ ಹೇಳ್ತಿದ್ರು. ನಿನಗೆ ಏಳು ವರ್ಷ ಇದ್ದಾಗ ಮೈಸೂರಿಗೆ ಹೋದ್ವಲ್ಲ, ಜಗನ್ಮೋಹನ ಅರಮನೇಲಿ ಒಂದು ಕತ್ತಲ ಕೋಣೇಲಿ ಅದರ ಅಸಲು ನೋಡಿದ್ವಿ, ನೀನು ಹಿಂದೆ ಬಲ್ಬ್ ಇದೆಯಾ ಅಂತ ಬಗ್ಗಿ ನೋಡಿದ್ದೆ. ಅಲ್ಲೇ ಗೊತ್ತಾಗಿದ್ದು ನನಗೆ, ಅದು ರವಿವರ್ಮಂದಲ್ಲ, ಎಸ್.ಎಲ್. ಹಳದಣಕರ್ ಅಂತ ಮುಂಬೈ ಕಲಾವಿದರದ್ದು, 1945-46ರಲ್ಲಿ ಬರೆದಿದ್ದು. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ! ಅದೂ ನೀರುಬಣ್ಣ, ಎಣ್ಣೆಬಣ್ಣ ಅಲ್ಲ. ನೀರುಬಣ್ಣದಲ್ಲಿ ಬೆಳಕು ಬೇಕು ಅಂದ್ರೆ ಹಾಳೆಯ ಬಿಳಿಯನ್ನೇ ಉಳಿಸ್ಕೋಬೇಕು, ಒಂದ್ಸಲ ಬಣ್ಣ ಬಿತ್ತು ಅಂದ್ರೆ ಮುಗೀತು. ನಾವು ಮಾರೋ ಪ್ರಿಂಟಲ್ಲಿ ಬೆರಳೆಲ್ಲ ಸೇರಿ ಒಂದು ಕೆಂಪು ಮುದ್ದೆ ಆಗಿರುತ್ತೆ. ಅಸಲಲ್ಲಿ ಬೆರಳು ಬೆರಳಿನ ನಡುವೆ ದೀಪ ಸೋರಿ ಬರೋದು ಕಾಣುತ್ತೆ, ಬೆರಳಿನ ಒಳಗಿನ ರಕ್ತವೇ ಬೆಳಗ್ತಾ ಇದೆಯೇನೋ ಅನ್ನೋ ಹಾಗೆ. ಅಷ್ಟು ವರ್ಷ ದಿನಾ ಆ ಪಟ ಕೈಲಿ ಹಿಡಿದಿದ್ರೂ ನಾನು ಅದನ್ನ ನೋಡೇ ಇರ್ಲಿಲ್ಲ ಅಂತ ಅವತ್ತು ಗೊತ್ತಾಯ್ತು.

ಆ ಪಟದಲ್ಲಿ ನಿಂತಿರೋದು ಆ ಕಲಾವಿದರ ಮಗಳು, ಗೀತಾ ಅಂತ. ದೀಪಾವಳಿಲಿ ದೀಪ ಹಿಡಿದು ನಿಂತಿದ್ದ ಮಗಳನ್ನ ನೋಡಿ ಅಪ್ಪ ಬರೆದಿದ್ದು. ಆಯಮ್ಮ 2018ರಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡ್ರು, 102 ವರ್ಷ ಆಗಿತ್ತು. ಪೇಪರಲ್ಲಿ ಆ ಸುದ್ದಿ ಓದಿದ ದಿನ ಅಂಗಡೀಲಿದ್ದ ಆ ಪ್ರಿಂಟಿಗೆ ಒಂದು ಹೂವಿನ ಹಾರ ಹಾಕಿದ್ದೆ, ನಿಮ್ಮಮ್ಮ ಯಾರದಿದು ಅಂತ ಕೇಳಿದ್ಲು.

ಮ್ಯೂಸಿಯಂ ಒಳಗೆ ಚಿಕ್ಕ ಚಿಕ್ಕ ಚಿತ್ರ ಇಟ್ಟಿರೋ ಕಡೆ ಲೈಟೇ ಇಲ್ಲ, ಕತ್ತಲು ಕತ್ತಲು ಅಂದ್ಯಲ್ಲ. ಅದು ಬೇಕಂತ್ಲೇ ಇಟ್ಟಿರೋ ಕತ್ತಲು. ನಮ್ಮ ಅಂಗಡಿ ಬಾಗಿಲ ಬಲಕ್ಕೆ ತೂಗುಹಾಕಿರೋ ಲಕ್ಷ್ಮಿ ಪಟ ನೋಡಿದೀಯ? ಮಧ್ಯಾಹ್ನ ಮೂರರಿಂದ ಅದಕ್ಕೆ ಬಿಸಿಲು ಬೀಳುತ್ತೆ. ಎರಡು ವರ್ಷಕ್ಕೆ ಕೆಂಪು ಸೀರೆ ಹೋಯ್ತು, ಹಳದಿ ಹೋಯ್ತು, ಈಗ ಅಮ್ಮನವರು ಪೂರ್ತಿ ನೀಲಿ. ಬೆಳಕು ಬಣ್ಣ ತಿನ್ನುತ್ತೆ ಅವ್ವಾ. ಮುನ್ನೂರು ವರ್ಷದ ಹಾಳೆ ಮೇಲೆ ಬರೆದಿದ್ದನ್ನ ಟ್ಯೂಬ್‌ಲೈಟ್ ಕೆಳಗೆ ಇಟ್ರೆ ನಿನ್ನ ಮಕ್ಕಳಿಗೆ ಏನೂ ಉಳಿಯಲ್ಲ. ಐದು ನಿಮಿಷ ನಿಂತ್ರೆ ಕಣ್ಣು ಕತ್ತಲಿಗೆ ಹೊಂದ್ಕೊಳುತ್ತೆ, ಆಮೇಲೆ ನೋಡು. ಆ ಚಿತ್ರಗಳು ಗೋಡೆಗೆ ಅಂತ ಮಾಡಿದ್ದೇ ಅಲ್ಲ, ಕೈಲಿ ಹಿಡ್ಕೊಂಡು ಪುಸ್ತಕದ ಥರ ನೋಡೋಕೆ ಮಾಡಿದ್ದು, ಅಳಿಲಿನ ಕೂದಲಿನ ಬ್ರಶ್ಶಲ್ಲಿ. ಅದಕ್ಕೇ ದೂರದಿಂದ ಏನೂ ಗೊತ್ತಾಗಲ್ಲ, ಮೂಗು ಗಾಜಿಗೆ ತಾಗೋಷ್ಟು ಹತ್ರ ಹೋಗು, ಆದ್ರೆ ಗಾಜು ಮುಟ್ಬೇಡ.

ಮುಟ್ಬೇಡ ಅಂದಿದ್ದಕ್ಕೆ ಒಂದು ಕಾರಣ ಇದೆ, ಇದನ್ನ ನಿಮ್ಮಮ್ಮನಿಗೆ ಬಿಟ್ರೆ ಯಾರಿಗೂ ಹೇಳಿಲ್ಲ. ಅಂಗಡಿ ಹಾಕಿದ ಹೊಸದರಲ್ಲಿ ಒಬ್ಬರು ಅವರ ತಾತ ಬರೆದ ನೀರುಬಣ್ಣದ ಚಿತ್ರ ತಂದುಕೊಟ್ರು, ಒಂದು ಹೊಳೆ, ಹೊಳೆ ದಂಡೇಲಿ ಮರ. ಸುರುಟಿಕೊಂಡಿತ್ತು ಅಂತ ನಾನು ಮೈದಾ ಅಂಟು ಹಚ್ಚಿ ಹಾರ್ಡ್‌ಬೋರ್ಡಿಗೆ ಅಂಟಿಸಿ, ನೀಟಾಗಿ ಗಾಜು ಹಾಕಿ, ಹಿಂದೆ ಮೊಳೆ ಹೊಡೆದು ಕೊಟ್ಟೆ. ಮೂರು ಮಳೆಗಾಲ ಆದ ಮೇಲೆ ವಾಪಸ್ ತಂದ್ರು. ಅಂಟಿಗೆ ಹುಳ ಹತ್ತಿ, ಗಾಜಿಗೂ ಹಾಳೆಗೂ ನಡುವೆ ಸಂದಿ ಬಿಡದೇ ಇದ್ದಿದ್ದಕ್ಕೆ ಬೂಜು ಹಿಡಿದು ಮರದ ಅರ್ಧ ಇರ್ಲೇ ಇಲ್ಲ. ಅವರು ಜಗಳ ಮಾಡ್ಲಿಲ್ಲ, ತಾತಂದು ಇದೊಂದೇ ಇತ್ತು ಅಂದ್ರು ಅಷ್ಟೇ. ಪ್ರಿಂಟ್ ಹಾಳಾದ್ರೆ ಇನ್ನೊಂದು ತರಿಸ್ತೀವಿ. ಅದನ್ನ ಎಲ್ಲಿಂದ ತರಿಸ್ಲಿ? ಅವತ್ತಿಂದ ಮೌಂಟ್ ಇಲ್ಲದೇ, ಅಂದ್ರೆ ಗಾಜಿಗೂ ಹಾಳೆಗೂ ನಡುವೆ ಸಂದಿ ಬಿಡೋ ರಟ್ಟು ಇಲ್ಲದೇ, ಅಸಲು ಚಿತ್ರಕ್ಕೆ ನಾನು ಗಾಜು ಹಾಕಿಲ್ಲ, ಅಂಟಂತೂ ಮುಟ್ಟಿಲ್ಲ. ದೊಡ್ಡ ಊರಿನ ಮ್ಯೂಸಿಯಂಗಳಲ್ಲಿ ಎಸಿ, ಮಂದ ಬೆಳಕು, ಹಗ್ಗ ಕಟ್ಟಿ ದೂರ ನಿಲ್ಸೋದು ಇವನ್ನೆಲ್ಲ ನೋಡಿದಾಗ ನನಗೆ ಆ ಹೊಳೆ ದಂಡೆ ಮರ ಕಣ್ಮುಂದೆ ಬರುತ್ತೆ.

ಜಹಾಂಗೀರ್ ವಿಷಯಕ್ಕೆ ಬರ್ತೀನಿ. ಅದು ಶ್ರೀಮಂತರ ಜಾಗ ಅಂತ ನಿನಗೆ ಯಾಕನ್ನಿಸ್ತೋ ಗೊತ್ತು, ಗಾಜಿನ ಬಾಗಿಲು, ಒಳಗೆ ಸದ್ದಿಲ್ಲ, ಇಂಗ್ಲಿಷಲ್ಲಿ ಮಾತಾಡೋರು. ಆದ್ರೆ ಅಲ್ಲಿ ಟಿಕೆಟ್ಟೇ ಇಲ್ಲ ಕಣವ್ವಾ, ಯಾರು ಬೇಕಾದ್ರೂ ಹೋಗ್ಬಹುದು. 1952ರಲ್ಲಿ ಶುರುವಾಗಿದ್ದು, ಸರ್ ಕಾವಸ್‌ಜಿ ಜಹಾಂಗೀರ್ ದುಡ್ಡು ಕೊಟ್ಟಿದ್ದು ನಿಜ, ಆದ್ರೆ ಕಲಾವಿದರಿಗೆ ಇಂಥದ್ದೊಂದು ಜಾಗ ಬೇಕು ಅಂತ ಒತ್ತಾಯ ಮಾಡಿದೋರಲ್ಲಿ ಒಬ್ಬರು ವಿಜ್ಞಾನಿ ಹೋಮಿ ಭಾಭಾ, ಇನ್ನೊಬ್ಬರು ಯಾರು ಅಂತ ಗೊತ್ತಾ? ನಮ್ಮ ಉಡುಪಿ ಹತ್ರ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು. 1911ರಲ್ಲಿ ಹುಟ್ಟಿ, ಹಳ್ಳಿಯಿಂದ ಹೋಗಿ, ಮುಂಬೈ ಜೆ.ಜೆ. ಕಲಾ ಶಾಲೇಲಿ ಚಿತ್ರಕಲೆ ಕಲಿತು ದೊಡ್ಡ ಹೆಸರು ಮಾಡಿದೋರು. ಆ ಬಾಗಿಲು ತೆಗೆಸಿದೋರಲ್ಲಿ ನಮ್ಮವರೊಬ್ಬರು ಇದ್ದಾರೆ, ನೀನು ಹೊರಗೇ ನಿಂತು ವಾಪಸ್ ಬರೋದಾ?

ಅಲ್ಲಿ ವಾರ ವಾರ ಪ್ರದರ್ಶನ ಬದಲಾಗುತ್ತೆ, ಅಲ್ಲಿ ಒಂದು ವಾರ ಸಿಗ್ಬೇಕು ಅಂದ್ರೆ ಕಲಾವಿದರು ವರ್ಷಗಟ್ಲೆ ಕಾಯ್ತಾರೆ. ಬಹಳ ಸಲ ಚಿತ್ರ ಬರೆದವರೇ ಒಂದು ಮೂಲೇಲಿ ಕುರ್ಚಿ ಹಾಕ್ಕೊಂಡು ಕೂತಿರ್ತಾರೆ. ಅವತ್ತೇ ನಾನು ಅಲ್ಲಿಗೂ ಹೋಗಿದ್ದೆ, ಒಬ್ಬ ಹುಡುಗ ಕೂತಿದ್ದ, ಮೂವತ್ತು ವರ್ಷ ಇರ್ಬಹುದು, ಒಬ್ಬರೂ ಬಂದಿರ್ಲಿಲ್ಲ. ನನಗೆ ಬರೋ ಅರ್ಧಂಬರ್ಧ ಹಿಂದೀಲಿ ಫ್ರೇಮ್ ಯಾರು ಹಾಕಿದ್ದು, ಮೂಲೆ ಜಾಯಿಂಟ್ ಚೆನ್ನಾಗಿ ಕೂತಿದೆ ಅಂದೆ. ಎದ್ದು ನಿಂತುಬಿಟ್ಟ. ಒಂದೊಂದು ಚಿತ್ರದ ಹತ್ರನೂ ಕರ್ಕೊಂಡು ಹೋಗಿ ತೋರಿಸ್ದ, ಎಲ್ಲಾ ಅವನೂರಿನ ಕೆರೆ ಚಿತ್ರ, ಬೇಸಿಗೇಲಿ ಬಿರುಕು ಬಿಟ್ಟ ಕೆರೆ. ಎರಡು ಚಿತ್ರ ನನಗೆ ಅರ್ಥ ಆಗ್ಲಿಲ್ಲ, ಅರ್ಥ ಆಗ್ಲಿಲ್ಲ ಅಂತಾನೇ ಹೇಳ್ದೆ, ಅವನಿಗೇನೂ ಬೇಜಾರಾಗ್ಲಿಲ್ಲ. ಒಂದು ಚಿತ್ರದಲ್ಲಿ ಕೆಸರಿನ ಬಣ್ಣ ಇತ್ತು ನೋಡು, ನಮ್ಮ ಕುಂದವಾಡ ಕೆರೆ ದಂಡೇಲಿ ಚಪ್ಪಲಿ ಹೂತುಹೋಗೋ ಕಡೆ ಇರುತ್ತಲ್ಲ, ಅದೇ ಬಣ್ಣ. ಹಾಗಂತ ಹೇಳಿದ್ದಕ್ಕೆ ಆ ಹುಡುಗ ನನಗೆ ಚಹಾ ತರಿಸಿಕೊಟ್ಟ.

ರೇಟ್ ಲಿಸ್ಟ್ ನೋಡಿ ಹೆದರ್ಕೋಬೇಡ, ಕೊಂಡ್ಕೋ ಅಂತ ಯಾರೂ ಕೇಳಲ್ಲ. ಆಫೀಸಿನವರ ಜೊತೆ ಬೇಡ, ಒಬ್ಬಳೇ ಹೋಗು, ಇಲ್ಲಾ ನಿನ್ನ ರೂಮ್‌ಮೇಟ್ ಕರ್ಕೊಂಡು ಹೋಗು, ಅವಳು ಕಡಿಮೆ ಮಾತಾಡ್ತಾಳೆ. ಹೊಟ್ಟೆ ತುಂಬ ತಿಂದು ಹೋಗು, ಒಳ್ಳೆ ಚಪ್ಪಲಿ ಹಾಕ್ಕೋ, ನಿಂತು ನಿಂತು ಕಾಲು ನೋಯುತ್ತೆ. ಬೋರ್ ಆದ್ರೆ ಹೊರಗೆ ಫುಟ್‌ಪಾತಲ್ಲೂ ಕಲಾವಿದರು ಚಿತ್ರ ಇಟ್ಕೊಂಡು ಕೂತಿರ್ತಾರೆ, ಅವರ ಹತ್ರ ಮಾತಾಡು.

ನಿಮ್ಮಮ್ಮ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಕರದಂಟು ಕಟ್ಟಿಟ್ಟಿದ್ದಾಳೆ, ಪಕ್ಕದ ಅಂಗಡಿಯವರ ಮಗ ಗುರುವಾರ ಬಸ್ಸಲ್ಲಿ ಬರ್ತಾನೆ, ಸ್ಟಾಪಿಗೆ ಹೋಗಿ ಇಸ್ಕೋ.

ಆಮೇಲೆ ಒಂದು ಕೆಲಸ ಇದೆ. ಆ ಬ್ರಹ್ಮನ ಸುತ್ತ ಇರೋ ಋಷಿಗಳನ್ನ ನಾನು ಎಣಿಸೋಕೆ ಶುರು ಮಾಡಿದ್ದೆ, ಅಷ್ಟೊತ್ತಿಗೆ ಆ ಶಾಲೆ ಮಕ್ಕಳು ಬಂದು ಮುಂದೆ ನಿಂತ್ರು, ಲೆಕ್ಕ ತಪ್ಪೋಯ್ತು, ಆಮೇಲೆ ನೀನು ಆಫೀಸಿಂದ ಬರೋಷ್ಟರಲ್ಲಿ ಮನೇಲಿರ್ಬೇಕು ಅಂತ ಹೊರಟುಬಿಟ್ಟೆ. ಫೋಟೋ ನೋಡಿ ಹೇಳ್ಬೇಡ. ಎದುರಿಗೆ ನಿಂತು ಎಣಿಸಿ, ಅಲ್ಲಿಂದಲೇ ಫೋನ್ ಮಾಡು.

ನಿನ್ನ ಅಪ್ಪಾಜಿ
ದಾವಣಗೆರೆ