ಉಚಿತ ಡಯಾಲಿಸಿಸ್‌ಗೆ 1,15,920 ರೂಪಾಯಿ: ರಾಯಚೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ನಾನು ರಾಯಚೂರಿನ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಎಷ್ಟು ಹತ್ತಿ ಬಂತು, ತೂಕ ಎಷ್ಟು, ಹಮಾಲಿ ಎಷ್ಟು, ರೈತನ ಹೆಸರಿನಲ್ಲಿ ಮುಂಗಡ ಎಷ್ಟಿದೆ, ಇದೇ ನನ್ನ ದಿನ. ಹಾಗಾಗಿ ಅಪ್ಪನ ಕಿಡ್ನಿ ಹೋಗಿದೆ ಅಂತ ಡಾಕ್ಟರು ಹೇಳಿದ ದಿನ ನಾನು ಮಾಡಿದ ಮೊದಲ ಕೆಲಸ ಒಂದು ನೋಟ್‌ಬುಕ್ ಕೊಂಡದ್ದು. ತಂಗಿ ಅಳುತ್ತಿದ್ದಳು. ನಾನು ತಾರೀಖು ಹಾಕಿ ಗೆರೆ ಎಳೆಯುತ್ತಿದ್ದೆ. ಅವಳು ಇವತ್ತಿಗೂ ಅದನ್ನು ಆಡಿ ತೋರಿಸುತ್ತಾಳೆ.

ಆ ನೋಟ್‌ಬುಕ್‌ಗೆ ಈಗ ಒಂದು ವರ್ಷ. ಅದನ್ನು ಇಟ್ಟುಕೊಂಡೇ, ರೋಗಿಯ ಮನೆಗೆ ಎಷ್ಟು ಬೀಳುತ್ತದೆ ಅಂತ ನಮ್ಮ ಜಿಲ್ಲೆಯಲ್ಲಿ ಎಣಿಸಿ ಅಂತ ಕೇಳಲು ನಿಮಗೆ ಈ ಪತ್ರ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗುತ್ತದೆ. ಸರ್ಕಾರದ ಯೋಜನೆಯಲ್ಲಿ ಆಗುತ್ತದೆ. ಮಷಿನ್‌ಗೆ, ಹಾಸಿಗೆಗೆ ಒಂದು ಪೈಸೆ ಯಾರೂ ಕೇಳಿಲ್ಲ. ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಶುರುವಾಯಿತು. ಅದು ಬರದೇ ಇದ್ದಿದ್ದರೆ ಅಪ್ಪ ಈಗ ಇರುತ್ತಿರಲಿಲ್ಲ. ದೂರು ಅದರ ಮೇಲಲ್ಲ. ಹತ್ತಿರದ ದವಾಖಾನೆಯಲ್ಲಿ ಮಷಿನ್ ಇದೆ, ಆದರೆ ಸರದಿ ಪಟ್ಟಿ ತುಂಬಿದೆ ಅಂದರು. ಹಾಗಾಗಿ ರಾಯಚೂರಿಗೆ ಬರುತ್ತಾರೆ. ಊರಿನಿಂದ ಇಲ್ಲಿಗೆ 60 ಕಿಲೋಮೀಟರ್ ಚಿಲ್ಲರೆ. ಇಲ್ಲೇ ಇರಿ ಅಂದರೆ ಅವ್ವ ಒಪ್ಪುವುದಿಲ್ಲ. ನಾನಿರುವುದು ಮೂವರು ಸೇರಿ ಹಿಡಿದ ಒಂದು ಖೋಲಿ. ಊರಲ್ಲಿ ಎರಡು ಎಕರೆ ಹೊಲ, ಒಂದು ಎಮ್ಮೆ.

ಈಗ ನೋಟ್‌ಬುಕ್. ವರ್ಷಕ್ಕೆ 104 ಸಲ ಬರಬೇಕಿತ್ತು. ಬಂದದ್ದು 98 ಸಲ. ಒಂದು ಸಲ ಬಂದು ಹೋಗಲು ಅಪ್ಪನ ಬಸ್ ಚಾರ್ಜು 150, ಆಟೊ 80, ಇಬ್ಬರ ಚಹಾ ನಾಷ್ಟಾ 110. ಒಟ್ಟು 340. ಅದನ್ನು 98ರಿಂದ ಗುಣಿಸಿದರೆ 33,320. ಹೊರಗಡೆ ಚೀಟಿಯ ಔಷಧಿ, ಇಂಜೆಕ್ಷನ್ ತಿಂಗಳಿಗೆ 2,400ರಂತೆ ವರ್ಷಕ್ಕೆ 28,800. ಶುರುವಿನಲ್ಲಿ ರೋಗ ಏನು ಅಂತ ಗೊತ್ತಾಗುವುದರೊಳಗೆ ಖಾಸಗಿಯಲ್ಲಿ ತಿರುಗಾಡಿ ಮಾಡಿದ ಸಾಲ 60,000. ನೂರಕ್ಕೆ ತಿಂಗಳಿಗೆ ಮೂರರ ಬಡ್ಡಿ. ವರ್ಷಕ್ಕೆ 21,600. ಅಸಲು ಹಾಗೇ ಕೂತಿದೆ.

ಇನ್ನು ಅವ್ವನ ಕೂಲಿ. ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ದಿನ ಯೋಚಿಸಿದೆ. ಅಪ್ಪನ ಜೊತೆ ಬರುವವಳು ಅವ್ವನೇ. ಯಾಕೆ ಅಂದರೆ 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ ಫ್ರೀ. ತಮ್ಮ ಬಂದರೆ ಇನ್ನೊಂದು 150 ಹೋಗುತ್ತದೆ. ಮನೆಯಲ್ಲಿ ಯಾರೂ ಕೂತು ತೀರ್ಮಾನ ಮಾಡಲಿಲ್ಲ. ಅದು ತಾನಾಗಿಯೇ ಅವ್ವನ ಕೆಲಸವಾಯಿತು. ಶಕ್ತಿ ಯೋಜನೆ ನಮಗೆ ಸುಮಾರು 15,000 ರೂಪಾಯಿ ಉಳಿಸಿತು. ಖರೇ. ಆದರೆ ಅವ್ವ 98 ದಿನ ಕೂಲಿ ಬಿಟ್ಟಳು. ದಿನಕ್ಕೆ 300 ಹಿಡಿದರೂ 29,400. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಇನ್ನೂ ಜಾಸ್ತಿ ಬರುತ್ತಿತ್ತು. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ಸರ್ಕಾರವೇ ಹಾಕಿದ ಕೂಲಿ 370. ನಾನು ಕಡಿಮೆಯೇ ಹಿಡಿದಿದ್ದೇನೆ, ಅಲ್ವಾ?

ಬರದೇ ತಪ್ಪಿದ ಆ ಆರು ಸಲದ ಕಥೆಯನ್ನೂ ಕೇಳಿ. ಮೂರು ಸಲ ಹತ್ತಿ ಬಿಡಿಸುವ ಗಡಿಬಿಡಿ. ಒಂದು ಸಲ ಬಸ್ಸೇ ಬರಲಿಲ್ಲ. ಎರಡು ಸಲ ಕೈಯಲ್ಲಿ ರೊಕ್ಕ ಇರಲಿಲ್ಲ, ಅಪ್ಪ ನನಗೆ ಹೇಳಲಿಲ್ಲ. ಸಲಕ್ಕೆ ಓಡಾಟದ 340, ಅವ್ವನ ಕೂಲಿ 300 ಹಿಡಿದರೆ, ನನ್ನ ಲೆಕ್ಕದ ಪ್ರಕಾರ ಆರು ಸಲ ತಪ್ಪಿಸಿದ್ದರಿಂದ ಮನೆಗೆ 3,840 ರೂಪಾಯಿ ಉಳಿಯಿತು. ರೊಕ್ಕ ಇಲ್ಲದೆ ಎರಡನೇ ಸಲ ತಪ್ಪಿಸಿದ ವಾರ ಒಂದು ರಾತ್ರಿ ಅಪ್ಪನಿಗೆ ಉಸಿರು ಸಿಗದೆ ಕ್ರೂಸರ್ ಗಾಡಿ ಮಾಡಿಕೊಂಡು ಬಂದರು. ಬಾಡಿಗೆ 2,800. ಎಲ್ಲ ಕೂಡಿಸಿದರೆ 1,15,920 ರೂಪಾಯಿ. ಅವ್ವನ ಕೂಲಿ ಬಿಟ್ಟು ಬರೀ ಕೈಯಿಂದ ಹೋದದ್ದು 86,520. ನನ್ನ ಸಂಬಳ ತಿಂಗಳಿಗೆ 14,000. ವರ್ಷದ ಸಂಬಳದ ಅರ್ಧಕ್ಕಿಂತ ಜಾಸ್ತಿ.

ಒಂದು ಮನೆಯ ಲೆಕ್ಕ ಇಟ್ಟುಕೊಂಡು ಸಚಿವರಿಗೆ ಪತ್ರ ಬರೆಯುವುದು ಎಷ್ಟು ಸರಿ ಅಂತ ನೀವು ಕೇಳಬಹುದು. ನನಗೂ ಹಾಗೇ ಅನ್ನಿಸಿತು. ಅದಕ್ಕೇ ದೊಡ್ಡ ಲೆಕ್ಕಗಳನ್ನು ಹುಡುಕಿ ಓದಿದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಅಂತ ಒಂದಿದೆ. ದೇಶದಲ್ಲಿ ಆರೋಗ್ಯಕ್ಕೆ ಆಗುವ ಒಟ್ಟು ಖರ್ಚಿನಲ್ಲಿ ಜನರ ಜೇಬಿನಿಂದ ಹೋಗುವುದು 2013-14ರಲ್ಲಿ ನೂರಕ್ಕೆ 64.2 ಇತ್ತು, 2021-22ರಲ್ಲಿ 39.4ಕ್ಕೆ ಇಳಿಯಿತು ಅಂತ ಅದು ಹೇಳುತ್ತದೆ. ಸಂತೋಷ. ಆದರೆ ಅದರಲ್ಲಿ ಅವ್ವನ 98 ದಿನ ಇಲ್ಲ. ನಾವು ಕಟ್ಟಿದ ಬಡ್ಡಿ ಇಲ್ಲ. ಅದು ಖರ್ಚಿನ ಲೆಕ್ಕ, ಕಳೆದುಕೊಂಡದ್ದರ ಲೆಕ್ಕ ಅಲ್ಲ.

ಇನ್ನೊಂದು ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತು. 2017ರ ಜುಲೈನಿಂದ 2018ರ ಜೂನ್‌ವರೆಗೆ ನಡೆದದ್ದು. ಹೆರಿಗೆ ಬಿಟ್ಟು ಒಂದು ಸಲ ದವಾಖಾನೆಗೆ ದಾಖಲಾದರೆ ಸರ್ಕಾರಿಯಲ್ಲಿ ಸರಾಸರಿ 4,452 ರೂಪಾಯಿ, ಖಾಸಗಿಯಲ್ಲಿ 31,845 ರೂಪಾಯಿ ಖರ್ಚಾಗಿತ್ತು. ನನಗೆ ಆಶ್ಚರ್ಯ ಆದದ್ದು ಬೇರೆ. ಆ ಸಮೀಕ್ಷೆಯ ಪ್ರಶ್ನಾವಳಿಯಲ್ಲಿ ಬಸ್ಸಿನ ಖರ್ಚು, ಊಟದಂಥ ಇತರೆ ಖರ್ಚು, ದಾಖಲಾದಾಗ ಮನೆಗೆ ತಪ್ಪಿದ ಆದಾಯ ಎಲ್ಲ ಕೇಳುತ್ತಾರೆ. ಕೇಳಿ ಬರೆದುಕೊಂಡು, ಕೊನೆಗೆ ಭಾಷಣಕ್ಕೂ ಪೇಪರಿಗೂ ಬರುವುದು ವೈದ್ಯಕೀಯ ಖರ್ಚಿನ ಆ ಎರಡು ಅಂಕಿ ಮಾತ್ರ. ಅದೂ ದೇಶದ ಸರಾಸರಿ. ಕರ್ನಾಟಕದ ಸರಾಸರಿ ತೆಗೆದರೂ ಅದರಲ್ಲಿ ಬೆಂಗಳೂರಿನ ಜಯನಗರ ಮತ್ತು ನಮ್ಮ ದೇವದುರ್ಗ ಒಂದೇ ಚೀಲದಲ್ಲಿ ಬೀಳುತ್ತವೆ.

ಇನ್ನೂ ಒಂದು ಲೆಕ್ಕ ಇದೆ. ಚಂಡೀಗಢದ ಪಿಜಿಐ ಅನ್ನುವ ವೈದ್ಯಕೀಯ ಸಂಸ್ಥೆಯವರ ಮುಂದಾಳತ್ವದಲ್ಲಿ ದೇಶದ ಬೇರೆ ಬೇರೆ ರಾಜ್ಯಗಳ ದವಾಖಾನೆಗಳಲ್ಲಿ ಚಿಕಿತ್ಸೆಗೆ ಎಷ್ಟು ಬೀಳುತ್ತದೆ ಅಂತ ಅಧ್ಯಯನ ಮಾಡಿದರು. ಡಾಕ್ಟರ ಸಮಯ, ಕರೆಂಟು, ಕಟ್ಟಡ, ಮಷಿನ್ ಸವೆತ ಎಲ್ಲ ಹಿಡಿದು. ಆಯುಷ್ಮಾನ್ ಯೋಜನೆಯಲ್ಲಿ ಸರ್ಕಾರ ದವಾಖಾನೆಗೆ ಕೊಡುವ ಪ್ಯಾಕೇಜಿನ ದರ ತಿದ್ದಲು ಅದು ಉಪಯೋಗ ಆಯಿತು. ದವಾಖಾನೆಗೆ ನಷ್ಟ ಆಗಬಾರದು ನೋಡಿ. ನಿಜವಾಗಿಯೂ ಒಳ್ಳೆಯ ಕೆಲಸ. ಅಷ್ಟೇ ಶ್ರದ್ಧೆಯಿಂದ ರೋಗಿಯ ಮನೆಗೆ ಎಷ್ಟು ಬೀಳುತ್ತದೆ ಅಂತ ನಮ್ಮ ಜಿಲ್ಲೆಯಲ್ಲಿ ಎಣಿಸಿ ಅನ್ನುವುದೇ ನನ್ನ ಬೇಡಿಕೆ.

ಹೇಗೆ ಎಣಿಸಬೇಕು ಅನ್ನುವುದನ್ನು ನಾವು ಹತ್ತಿ ಬೆಳೆಯುವವರು ಹೊಸದಾಗಿ ಕಲಿಯಬೇಕಿಲ್ಲ. ಬೆಂಬಲ ಬೆಲೆಗೆ ಶಿಫಾರಸು ಮಾಡುವ ಆಯೋಗ ಬೆಳೆಯ ಖರ್ಚನ್ನು ಮೂರು ತರಹ ಹಿಡಿಯುತ್ತದೆ. ಬೀಜ, ಗೊಬ್ಬರ, ಹುಳಕ್ಕೆ ಹೊಡೆಯುವ ಎಣ್ಣೆ, ಆಳಿನ ಕೂಲಿ ಅಂತ ಕೈಯಿಂದ ಹೋದದ್ದು ಎ2. ಅದಕ್ಕೆ ಮನೆಯವರ ಸಂಬಳವಿಲ್ಲದ ದುಡಿಮೆ ಕೂಡಿಸಿದರೆ ಎ2 ಪ್ಲಸ್ ಎಫ್ಎಲ್. ಸ್ವಂತ ಹೊಲದ ಬಾಡಿಗೆ, ಸ್ವಂತ ಬಂಡವಾಳದ ಬಡ್ಡಿಯನ್ನೂ ಕೂಡಿಸಿದರೆ ಸಿ2. ಬೆಂಬಲ ಬೆಲೆಗೆ ಯಾವುದನ್ನು ಹಿಡಿಯಬೇಕು ಅಂತ ರೈತರು ವರ್ಷಗಟ್ಟಲೆ ಜಗಳ ಆಡಿದ್ದಾರೆ. ಆ ಜಗಳದಲ್ಲೂ ಒಂದು ಮಾತನ್ನು ಎಲ್ಲರೂ ಒಪ್ಪುತ್ತಾರೆ. ಹೊಲದಲ್ಲಿ ಅವ್ವ ಕಳೆ ತೆಗೆದರೆ ಅದಕ್ಕೆ ಬೆಲೆ ಇದೆ. ಅದೇ ಅವ್ವ ದವಾಖಾನೆಯ ಪಡಸಾಲೆಯಲ್ಲಿ ನಾಲ್ಕು ತಾಸು ಕೂತರೆ ಅದಕ್ಕೆ ಬೆಲೆ ಇಲ್ಲ. ರೋಗದ ಲೆಕ್ಕ ಇನ್ನೂ ಎ2ರಲ್ಲೇ ನಿಂತಿದೆ ಸ್ವಾಮಿ.

ಆಗುವುದಿಲ್ಲ ಅನ್ನಬೇಡಿ. ಕ್ಷಯದ ವಿಷಯದಲ್ಲಿ ಆಗಿದೆ. ರೋಗಿಯ ಮನೆಗೆ ಔಷಧಿ, ಓಡಾಟ, ತಪ್ಪಿದ ಕೂಲಿ ಎಲ್ಲ ಸೇರಿ ವರ್ಷದ ಆದಾಯದ ನೂರಕ್ಕೆ 20 ದಾಟಿದರೆ ಆ ಮನೆ ಮುಳುಗಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಅಳತೆ ಇಟ್ಟಿದೆ. ಹಾಗೆ ಎಣಿಸಿದ್ದರಿಂದಲೇ ಔಷಧಿ ಪುಕ್ಕಟೆ ಕೊಟ್ಟರೂ ಕ್ಷಯದ ಮನೆಗಳು ಸಾಲಕ್ಕೆ ಬೀಳುತ್ತವೆ ಅನ್ನುವುದು ಎದ್ದು ಕಂಡಿತು. ನಮ್ಮಲ್ಲಿ ಪೌಷ್ಟಿಕ ಆಹಾರಕ್ಕೆ ಅಂತ 2018ರಿಂದ ತಿಂಗಳಿಗೆ 500 ಕೊಡುತ್ತಿದ್ದರು, 2024ರ ನವೆಂಬರ್‌ನಿಂದ 1,000 ಮಾಡಿದ್ದಾರೆ. ಕಿಡ್ನಿಗೆ, ಶುಗರ್ ಹುಣ್ಣಿಗೆ, ಲಕ್ವಕ್ಕೆ ಅಂಥ ಎಣಿಕೆ ಯಾಕೆ ಬೇಡ?

ಎಣಿಸುವಾಗ ಒಂದು ಹುಷಾರು ಬೇಕು. ನಮ್ಮ ಓಣಿಯಲ್ಲಿ ಒಬ್ಬ ಹೆಣ್ಣುಮಗಳಿಗೆ ಎರಡು ವರ್ಷದಿಂದ ಎದೆಯಲ್ಲಿ ಗಡ್ಡೆ. ಎಲ್ಲಿಗೂ ತೋರಿಸಿಲ್ಲ. ಅವಳ ದವಾಖಾನೆ ಖರ್ಚು ಸೊನ್ನೆ. ಸಮೀಕ್ಷೆಯವರು ಬಂದರೆ ಅವಳ ಮನೆಯನ್ನು ಖರ್ಚಿಲ್ಲದ ಮನೆ ಅಂತ ಬರೆದುಕೊಳ್ಳುತ್ತಾರೆ. ಅಪ್ಪನ ತಪ್ಪಿದ ಆರು ದಿನ 3,840 ರೂಪಾಯಿ ಉಳಿತಾಯವಾಗಿ ಕಂಡಿತಲ್ಲ, ಹಾಗೆ. ಎಷ್ಟು ಖರ್ಚಾಯಿತು ಅಂತ ಕೇಳುವುದರ ಜೊತೆಗೆ ಯಾವಾಗ ಹೋಗಲಿಲ್ಲ, ಯಾಕೆ ಹೋಗಲಿಲ್ಲ ಅಂತಲೂ ಕೇಳಬೇಕು.

ಆಮೇಲೆ ಬೀಗ ಹಾಕಿದ ಮನೆಗಳು. ಸುಗ್ಗಿ ಮುಗಿದ ಮೇಲೆ ನಮ್ಮ ತಾಂಡಾಗಳಲ್ಲಿ, ಕೇರಿಗಳಲ್ಲಿ ಮುದುಕರು ಬಿಟ್ಟರೆ ಯಾರು ಸಿಗುತ್ತಾರೆ? ಬೆಂಗಳೂರು, ಹೈದರಾಬಾದ್, ಪುಣೆ ಅಂತ ಗುಳೆ ಹೋಗಿರುತ್ತಾರೆ. ಆ ತಿಂಗಳಲ್ಲಿ ಬಂದು ಬಾಗಿಲು ಬಡಿದು ಹೋದರೆ, ಯಾರ ಲೆಕ್ಕ ಮುಖ್ಯವಾಗಿ ಬೇಕಿತ್ತೋ ಅವರೇ ಬಿಟ್ಟುಹೋಗುತ್ತಾರೆ. ಹಾಗಾಗಿ ಒಂದು ದಿನದ ಸಮೀಕ್ಷೆ ಬೇಡ. ಪ್ರತಿ ತಾಲ್ಲೂಕಿನಿಂದ ಕೆಲವು ಊರು ಆರಿಸಿ, ಅದೇ ಮನೆಗಳಿಗೆ ವರ್ಷವಿಡೀ ತಿಂಗಳಿಗೊಮ್ಮೆ ಹೋಗಿ. ದವಾಖಾನೆಗೆ ದಾಖಲಾದದ್ದು ಮಾತ್ರವಲ್ಲ, ಜ್ವರಕ್ಕೆ ಊರಿನ ವೈದ್ಯ ಅನ್ನಿಸಿಕೊಂಡ ಆರ್‌ಎಂಪಿ ಹತ್ತಿರ ಹಚ್ಚಿಸಿಕೊಂಡ ಸಲೈನ್‌ನಿಂದ ಹಿಡಿದು ತಿಂಗಳ ಬಿಪಿ ಗುಳಿಗೆವರೆಗೆ ಬರೆಯಿರಿ. ಆಯುಷ್ಮಾನ್ ಕಾರ್ಡಿನ ಐದು ಲಕ್ಷ ದಾಖಲಾದವರಿಗೆ. ದಿನಾ ನುಂಗುವ ಗುಳಿಗೆಗೆ ಅದು ಬರುವುದಿಲ್ಲ.

ಮಾಡುವವರು ಇಲ್ಲೇ ಇದ್ದಾರೆ. ನಮ್ಮ ವೈದ್ಯಕೀಯ ಕಾಲೇಜು ರಿಮ್ಸ್‌ನಲ್ಲಿ ಸಮುದಾಯ ವೈದ್ಯಶಾಸ್ತ್ರ ವಿಭಾಗ ಇದೆ. ಕೃಷಿ ವಿಶ್ವವಿದ್ಯಾಲಯದಲ್ಲಿ ಎಕರೆ ಲೆಕ್ಕದ ಖರ್ಚು ಹಿಡಿಯಲು ಬಲ್ಲ ಕೃಷಿ ಅರ್ಥಶಾಸ್ತ್ರದವರಿದ್ದಾರೆ. ಇಬ್ಬರನ್ನೂ ಒಂದು ಟೇಬಲ್ಲಿಗೆ ಕೂಡಿಸುವುದು ಜಿಲ್ಲೆಯ ಪ್ರಗತಿ ನೋಡುವ ಕೆಡಿಪಿ ಸಭೆಯಲ್ಲಿ ನಿಮ್ಮ ಒಂದು ಮಾತಿನ ಕೆಲಸ. ದಯವಿಟ್ಟು ಆಶಾ ಕಾರ್ಯಕರ್ತೆಯರ ತಲೆಗೆ ಇದನ್ನೂ ಕಟ್ಟಬೇಡಿ. ಕಟ್ಟಿದರೆ ರೊಕ್ಕ ಕೊಟ್ಟು ಕಟ್ಟಿ. ರೊಕ್ಕ ಎಲ್ಲಿದೆ ಅಂದರೆ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371 ಜೆ ಬಂದ ಮೇಲೆ ಕಲ್ಯಾಣ ಕರ್ನಾಟಕ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ 5,000 ಕೋಟಿ ಘೋಷಿಸುತ್ತಿದ್ದೀರಿ. ಅದರಲ್ಲಿ ಕಟ್ಟಡ ಬಹಳ ಆಗಿವೆ. ಯಾವ ಕಟ್ಟಡ ಎಲ್ಲಿ ಬೇಕು ಅಂತ ಹೇಳುವ ಲೆಕ್ಕಕ್ಕೆ ಒಂದು ಕಟ್ಟಡದ ಕಾಂಪೌಂಡ್ ಗೋಡೆಯಷ್ಟು ರೊಕ್ಕ ಸಾಕು.

ಏಮ್ಸ್ ಬೇಕು ಅಂತ ಇಲ್ಲಿ 2022ರ ಮೇ 13ರಿಂದ ಧರಣಿ ಕೂತರು. ಆ ಪೆಂಡಾಲಿನಲ್ಲಿ ನಾನೂ ಕೂತಿದ್ದೇನೆ. ಏಮ್ಸ್ ಬಂದರೆ ಹೃದಯ, ಕ್ಯಾನ್ಸರ್ ಅಂತ ಹೈದರಾಬಾದಿಗೆ ಓಡುವುದು ತಪ್ಪುತ್ತದೆ. ಆದರೆ ಗೆಳೆಯರಿಗೆ ಸಿಟ್ಟು ಬಂದರೂ ಹೇಳುತ್ತೇನೆ, ಅಪ್ಪನ 104 ಓಡಾಟ ಏಮ್ಸ್‌ನಿಂದ ಒಂದೂ ಕಡಿಮೆ ಆಗುವುದಿಲ್ಲ. ಅವರಿಗೆ ಬೇಕಾದದ್ದು ಹತ್ತಿರದಲ್ಲಿ ಇನ್ನೆರಡು ಮಷಿನ್, ಅದನ್ನು ನಡೆಸುವ ಟೆಕ್ನಿಷಿಯನ್, ಜೊತೆಗೆ ರೋಗಿಗೂ ಬಸ್ ಪಾಸು. ಮಷಿನ್ ಹಾಕಿದರೆ ಸರ್ಕಾರಕ್ಕೆ ಎಷ್ಟು ಬೀಳುತ್ತದೆ ಅಂತ ನಿಮ್ಮ ಅಧಿಕಾರಿಗಳು ತಕ್ಷಣ ಹೇಳುತ್ತಾರೆ. ಹಾಕದೇ ಇದ್ದರೆ ಪಟ್ಟಿಯಲ್ಲಿ ಕಾಯುತ್ತಿರುವ ಮನೆಗಳಿಗೆ ಎಷ್ಟು ಬೀಳುತ್ತದೆ ಅನ್ನುವ ಕಾಲಂ ಅವರ ಫೈಲಿನಲ್ಲಿ ಇಲ್ಲ. ಆ ಕಾಲಂ ಸೇರಿಸಿ. ಬಂದ ಲೆಕ್ಕವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಗ್ರಾಮಸಭೆಯಲ್ಲಿ ಓದಿಸಿ. ತಪ್ಪಿದ್ದರೆ ಜನ ಅಲ್ಲೇ ಹೇಳುತ್ತಾರೆ.

ನನ್ನ ನೋಟ್‌ಬುಕ್ ಬೇಕಾದರೆ ಕೊಡುತ್ತೇನೆ. ಬಸ್ ಟಿಕೆಟ್‌ಗಳನ್ನೂ ಪಿನ್ ಮಾಡಿ ಇಟ್ಟಿದ್ದೇನೆ. ಅವ್ವನ ಸೊನ್ನೆ ರೂಪಾಯಿ ಟಿಕೆಟ್ ಕೂಡ. ನೀವು ಜಿಲ್ಲೆಗೆ ಬಂದಾಗ ಯಾವಾಗ ಕರೆದರೂ ಬರುತ್ತೇನೆ. ಮಂಗಳವಾರ, ಶುಕ್ರವಾರ ಬೆಳಗ್ಗೆ ಮಾತ್ರ ಆಗುವುದಿಲ್ಲ. ಬಸ್ ಸ್ಟ್ಯಾಂಡಿಗೆ ಹೋಗಬೇಕು.

ಇಂತಿ ನಿಮ್ಮ ವಿಶ್ವಾಸಿ,
ಲೆಕ್ಕ ಬರೆಯುವವನು
ರಾಯಚೂರು